ಬಿಸಿಲೋ, ನೆರಳೋ?



ನಮ್ಮ ಸಾರಕ್ಕಿ ಮಾರ್ಕೆಟ್‌ನಲ್ಲಿ ತುಳಸಿ, ಶುಂಠಿ, ನುಗ್ಗೆಸೊಪ್ಪು ಎಲ್ಲಾ ಸಿಗುತ್ತೆ. ಮಿಕ್ಕಿದ್ದನ್ನು ಒಣಗಿಸಿ ಡಬ್ಬಿಗೆ ಹಾಕ್ತೀವಿ. ನೆಗಡಿ ಬಂದಾಗ ಕಷಾಯ ಕಾಯಿಸ್ತೀವಿ. ಒಂದು ಮಾತು ಕೇಳ್ತೀನಿ. ನೀವು ಒಣಗಿಸೋದು ಬಿಸಿಲಲ್ಲೋ, ನೆರಳಲ್ಲೋ?

ಯಾವುದಾದರೇನು ಅಂತೀರಾ? ವ್ಯತ್ಯಾಸ ಇದೆ.

ತುಳಸಿ ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿ. ಘಮ್ ಅನ್ನುತ್ತೆ. ಆ ವಾಸನೆ ಎಲೆಯೊಳಗಿನ ಎಣ್ಣೆಯದು. ಅದರಲ್ಲಿ ಯೂಜಿನಾಲ್ ಎಂಬ ಅಂಶ ಇರುತ್ತೆ. ಲವಂಗದಲ್ಲಿ ಇರೋದೂ ಅದೇ. ಈ ಎಣ್ಣೆ ಅಡುಗೆ ಎಣ್ಣೆಯಂತಲ್ಲ. ಬಿಸಿ ತಾಗಿದರೆ ಗಾಳಿಗೆ ಹಾರಿಹೋಗುತ್ತೆ. ಸುಡುಬಿಸಿಲಲ್ಲಿ ಹಾಕಿದರೆ ಎಲೆ ಉಳಿಯುತ್ತೆ, ಘಮ ಕಮ್ಮಿಯಾಗುತ್ತೆ. ಎಲೆಯಲ್ಲಿ ಉಳಿದದ್ದೇ ತಾನೇ ಕಷಾಯಕ್ಕೆ ಇಳಿಯೋದು!

ನುಗ್ಗೆಸೊಪ್ಪೂ ಹೀಗೇ. ಅದರಲ್ಲಿ ಕ್ಯಾರೋಟಿನ್ ಇದೆ. ಅದರಿಂದ ನಮ್ಮ ದೇಹ ಎ ವಿಟಮಿನ್ ಮಾಡಿಕೊಳ್ಳುತ್ತೆ. ಕಣ್ಣಿಗೆ ಅದು ಬೇಕೇ ಬೇಕು. ಬಿಸಿಲು ಕ್ಯಾರೋಟಿನ್ನನ್ನು ಕೆಡಿಸುತ್ತೆ. ನೆರಳಲ್ಲಿ ಒಣಗಿಸಿದರೆ ಹೆಚ್ಚು ಉಳಿಯುತ್ತೆ.

ಹಾಗಂತ ಒಣಗಿಸೋದರಿಂದ ಬರೀ ನಷ್ಟವೇ ಅಲ್ಲ. ಹಸಿ ಶುಂಠಿಗಿಂತ ಒಣಶುಂಠಿ ಖಾರ. ಯಾಕೆ? ಹಸಿ ಶುಂಠಿಯ ಖಾರದ ಅಂಶ ಜಿಂಜರಾಲ್. ಬಿಸಿ ತಾಗಿ ಒಣಗುವಾಗ ಅದರಲ್ಲಿ ಸ್ವಲ್ಪ ಶೋಗಾಲ್ ಆಗಿ ಬದಲಾಗುತ್ತೆ. ಶೋಗಾಲ್ ಇನ್ನೂ ಖಾರ. ಚಾಮರಾಜನಗರದ ಕಡೆ ರೈತರು ಅರಿಶಿನವನ್ನು ಬೇಯಿಸಿ ಬಿಸಿಲಲ್ಲೇ ಒಣಗಿಸ್ತಾರೆ. ಕೊಂಬು ದಪ್ಪ, ನೆರಳಲ್ಲಿ ಬೇಗ ಒಣಗಲ್ಲ. ಎಲೆಗೆ ನೆರಳು, ಕೊಂಬಿಗೆ ಬಿಸಿಲು. ಇಷ್ಟು ನೆನಪಿಟ್ಟುಕೊಳ್ಳಿ.

ನೆರಳು ಅಂದರೆ ಕತ್ತಲ ಮೂಲೆ ಅಲ್ಲ. ಗಾಳಿ ಆಡಬೇಕು. ಸೊಪ್ಪು ತೊಳೆದು, ನೀರು ಸೋರಿಸಿ, ಒಗೆದ ಬಟ್ಟೆ ಮೇಲೆ ತೆಳುವಾಗಿ ಹರಡಿ. ದಿನಕ್ಕೆ ಎರಡು ಸಲ ತಿರುವಿಹಾಕಿ. ಹಿಸುಕಿದರೆ ಎಲೆ ಪುಡಿಯಾಗಬೇಕು. ಕಡ್ಡಿ ಪಟ್ ಅಂತ ಮುರೀಬೇಕು. ಆಗ ಒಣಗಿದೆ ಅಂತ ಅರ್ಥ.

ರಾಶಿ ಹಾಕಿದರೆ, ತೇವ ಉಳಿದರೆ, ಬೂಷ್ಟು ಬರುತ್ತೆ. ಕೆಲವು ಬೂಷ್ಟು ಅಫ್ಲಟಾಕ್ಸಿನ್ ಅನ್ನೋ ವಿಷ ಬಿಡುತ್ತೆ. ಅದು ಲಿವರ್ ಕೆಡಿಸುತ್ತೆ. ಕುದಿಸಿದರೂ ಹೋಗಲ್ಲ. ಬೂಷ್ಟು ಕಂಡರೆ ಅಷ್ಟನ್ನೂ ಎಸೆಯಿರಿ. ಅಯ್ಯೋ ದಂಡ ಅನ್ನಬೇಡಿ.

ಇನ್ನೊಂದು ಮಾತು. ಪುಡಿ ಮಾಡಿದ ಮೇಲೆ ಎಲ್ಲಾ ಸೊಪ್ಪೂ ಒಂದೇ ಥರ ಕಾಣುತ್ತೆ. ಯಾವುದು ತುಳಸಿ, ಯಾವುದು ನೆಲನೆಲ್ಲಿ? ಮಗುವಿಗೆ ಕೊಡುವಾಗ ಊಹೆ ಮಾಡೋಕಾಗಲ್ಲ. ಮೊದಲಾದರೆ ಓದಿದವರನ್ನು ಕರೆದು ಚೀಟಿ ಬರೆಸಬೇಕಿತ್ತು. ಈಗ ನಿಮ್ಮ ಕೈಯಲ್ಲೇ ಅಕ್ಷರ ಇದೆ.

ಆದರೆ ಕಣ್ಣು ಹಳದಿಯಾದರೆ, ಜ್ವರ ಬಿಡದಿದ್ದರೆ, ಯಾವ ಪುಡಿಯನ್ನೂ ನಂಬಿ ಕೂರಬೇಡಿ. ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಏನು ಕುಡಿದಿದ್ದೀರಿ ಅಂತ ಡಾಕ್ಟರಿಗೆ ಹೇಳಿ.

ಇವತ್ತಿನ ಬರವಣಿಗೆ ಇಷ್ಟೇ. ಮನೆಗೆ ಹೋಗಿ ಒಂದು ಡಬ್ಬಿ ತೆಗೀರಿ. ಸೊಪ್ಪಿನ ಹೆಸರು, ಒಣಗಿಸಿದ ತಿಂಗಳು ಬರೆದು ಅಂಟಿಸಿ. ನಾಳೆ ತನ್ನಿ. ಎಲ್ಲರ ಮುಂದೆ ಓದೋಣ.