ಕಟ್ಟಳೆಯ ಹೊರೆ ಯಾರ ಹೆಗಲಿಗೆ?

(ದಕ್ಷಿಣ ಕೊಡಗಿನಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆದ ಪರಿಸರ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ಬೆಳಿಗ್ಗೆ ನಾವೆಲ್ಲ ದೇವರಕಾಡಿನ ಅಂಚಿನಲ್ಲಿ ನಿಂತಿದ್ದಾಗ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿದಳು: "ಸರ್, ಹಿರಿಯರ ಕಟ್ಟಳೆಯನ್ನು ಗೌರವಿಸಿದರೆ ಕಾಡು ಉಳಿಯುತ್ತದೆ ಎಂದಿರಿ. ಜೀತವೂ ಹಿರಿಯರ ಕಟ್ಟಳೆಯೇ ಆಗಿತ್ತಲ್ಲವೆ? ಒಂದನ್ನು ಪೂಜಿಸಿ ಇನ್ನೊಂದನ್ನು ಹಳಿಯುವುದು ಯಾವ ನ್ಯಾಯ?" ಆಗ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಮಣ್ಣು ಮತ್ತು ಬೆಳೆಗಳನ್ನು ಓದಿದವನು. ತತ್ತ್ವಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಸಂಪ್ರದಾಯದ ಹೆಸರಿನಲ್ಲಿ ಕಾಡು ಉಳಿಸಲು ಹೊರಟ ನಾವು ಈ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ.

ವಿದ್ವಾಂಸರಲ್ಲಿ ಇದೊಂದು ಹಳೆಯ ಜಗಳ. ಸರಿ-ತಪ್ಪುಗಳ ಅಳತೆಗೋಲು ಆಯಾ ಸಮಾಜದೊಳಗೇ ಇರುತ್ತದೆ, ಹೊರಗಿನವರು ತೀರ್ಪು ಕೊಡಬಾರದು ಎನ್ನುವುದು ಸಾಂಸ್ಕೃತಿಕ ಸಾಪೇಕ್ಷವಾದ. ಮನುಷ್ಯರಾದವರಿಗೆಲ್ಲ ಸಲ್ಲುವ ಕೆಲವು ಮೌಲ್ಯಗಳಿವೆ ಎನ್ನುವುದು ಅದರ ಎದುರು ಪಕ್ಷ. 1947ರಲ್ಲಿ ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಘೋಷಣೆಯನ್ನು ಸಿದ್ಧಪಡಿಸುತ್ತಿದ್ದಾಗ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘವು ಎಚ್ಚರಿಕೆಯ ಹೇಳಿಕೆಯೊಂದನ್ನು ಕಳುಹಿಸಿತು. ಪಶ್ಚಿಮದ ಮೌಲ್ಯಗಳನ್ನೇ ಜಗತ್ತಿನ ಮೌಲ್ಯಗಳೆಂದು ಹೇರಬೇಡಿ ಎಂಬುದು ಅದರ ಸಾರ. ಅರ್ಧ ಜಗತ್ತು ಇನ್ನೂ ವಸಾಹತು ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಆ ಅಂಜಿಕೆ ಅಕಾರಣವಾದುದಲ್ಲ. ಆದರೆ ಆ ಘೋಷಣೆ ಪಶ್ಚಿಮದವರದೇ ಕೈಬರಹವೂ ಆಗಿರಲಿಲ್ಲ. ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಎಂದೂ ಅರ್ಥವಾಗಬಹುದಾಗಿದ್ದ ಪದದ ಬದಲು 'ಎಲ್ಲ ಮಾನವ ಜೀವಿಗಳು' ಎಂದಿರಬೇಕೆಂದು ಪಟ್ಟುಹಿಡಿದವರು ಭಾರತದ ಹಂಸಾ ಮೆಹ್ತಾ. 1948ರ ಡಿಸೆಂಬರ್ 10ರಂದು ಅದು ಅಂಗೀಕೃತವಾಯಿತು.

ಇನ್ನು ನಮ್ಮ ಬೆಟ್ಟಕ್ಕೆ ಮರಳೋಣ. ಸಾಪೇಕ್ಷವಾದಿಗಳು ಹೇಳುವುದರಲ್ಲಿ ಸತ್ಯವಿದೆಯೆಂದು ನಾನು ತಪ್ಪು ಮಾಡಿಯೇ ಕಲಿತೆ. ಡಾಕ್ಟರೇಟ್ ಪಡೆದು ಊರಿಗೆ ಬಂದ ಹೊಸತರಲ್ಲಿ, ದೇವರಕಾಡಿನಲ್ಲಿ ತಾನಾಗಿ ಬಿದ್ದ ಮರವನ್ನೂ ಮುಟ್ಟದೆ ಕೊಳೆಯಬಿಡುವುದು ಮೂಢನಂಬಿಕೆಯೆಂದು ಹಿರಿಯರೊಬ್ಬರ ಮುಂದೆ ವಾದಿಸಿದ್ದೆ. ಅವರು ನಕ್ಕು ಸುಮ್ಮನಾದರು. ಆ ಕೊಳೆತ ದಿಮ್ಮಿಯೇ ಅಣಬೆಗೆ, ಹುಳುಹುಪ್ಪಟೆಗೆ, ಮುಂದಿನ ಸಸಿಗೆ ಆಹಾರವೆಂಬುದು ಪುಸ್ತಕದಿಂದ ನನಗೆ ಗೊತ್ತಿತ್ತು. ಅವರ ಕಟ್ಟಳೆಯಲ್ಲಿ ಅದನ್ನು ಗುರುತಿಸುವ ಕಣ್ಣು ಇರಲಿಲ್ಲ. ಕೊಡಗಿನಲ್ಲಿ 1,214 ದೇವರಕಾಡುಗಳು ದಾಖಲಾಗಿವೆ. 1905ರಲ್ಲಿ ಅವುಗಳ ವಿಸ್ತೀರ್ಣ ಆರು ಸಾವಿರ ಹೆಕ್ಟೇರಿಗೂ ಮಿಕ್ಕಿತ್ತು. 1985ರ ಹೊತ್ತಿಗೆ ಉಳಿದದ್ದು ಸುಮಾರು 2,550 ಹೆಕ್ಟೇರ್. ಕಟ್ಟಳೆ ಸಡಿಲವಾದಲ್ಲಿ ಕಾಫಿ ಒಳನುಗ್ಗಿತು. ತೀರ್ಪು ಕೊಡುವ ಮೊದಲು ಕೇಳಿ ತಿಳಿ ಎಂಬ ಪಾಠವನ್ನು ನಾನು ಎಂದೂ ಬಿಟ್ಟುಕೊಡಲಾರೆ.

ಆದರೆ ಕೇಳಿ ತಿಳಿದ ಮೇಲೆ? ಕುಟ್ಟದ ಗಡಿಯಾಚೆ, ಮಾನಂದವಾಡಿಯ ಬಳಿ ವಳ್ಳಿಯೂರ್‌ಕಾವು ಎಂಬ ದೇವಿಯ ಕ್ಷೇತ್ರವಿದೆ. ಅಲ್ಲಿನ ವಾರ್ಷಿಕ ಉತ್ಸವದಲ್ಲಿ ಜಮೀನುದಾರರು ಮುಂಗಡ ಹಣ ಕೊಟ್ಟು ಅಡಿಯರು ಮತ್ತು ಪಣಿಯರನ್ನು ಒಂದು ವರ್ಷದ ದುಡಿಮೆಗೆ ಕಟ್ಟಿಹಾಕುತ್ತಿದ್ದರು. ದೇವಿಯ ಸನ್ನಿಧಿಯಲ್ಲಿ ಆದ ಮಾತು ಮುರಿದರೆ ಆಕೆ ಮುನಿಯುವಳೆಂಬ ಭಯವೇ ಬೇಡಿ. ಈ ಅಡಿಯರು ನಮ್ಮ ತೋಟಗಳಲ್ಲಿ ದುಡಿಯುವ ಎರವರ ಬಂಧುಗಳೇ. ಇದೂ ಸಂಪ್ರದಾಯ, ಇದಕ್ಕೂ ದೈವದ ಸಾಕ್ಷಿಯಿತ್ತು. ಅವರದು ಅವರ ಸಂಸ್ಕೃತಿ ಎಂದು ನಾವು ಕೈಕಟ್ಟಿ ನಿಂತಿದ್ದರೆ, ಆ ಸಂಸ್ಕೃತಿಯೊಳಗೆ ಧಣಿಯ ಮಾತನ್ನು ಮಾತ್ರ ಕೇಳಿಸಿಕೊಂಡಂತಾಗುತ್ತಿತ್ತು. 1976ರಲ್ಲಿ ಜೀತ ನಿಷೇಧ ಕಾಯಿದೆ ಬಂದಿತು. ಆದರೂ ಮುಂಗಡದ ಸಾಲ ತೀರದೆ ಲೈನ್‌ಮನೆ ಬಿಟ್ಟು ಹೊರಡಲಾಗದ ಕುಟುಂಬಗಳನ್ನು ನನ್ನ ಕ್ಷೇತ್ರಕಾರ್ಯದಲ್ಲಿ ನಾನೇ ಕಂಡಿದ್ದೇನೆ.

ಹಾಗೆಂದು ಸಾರ್ವತ್ರಿಕ ಮೌಲ್ಯ ಎನ್ನುವುದೆಲ್ಲ ಪವಿತ್ರವೂ ಅಲ್ಲ. ಹುಲಿ ಇಡೀ ಮನುಕುಲದ ಸಂಪತ್ತು ಎಂಬ ಮಾತು ಕೇಳಲು ದೊಡ್ಡದು. ಅದೇ ಮಾತಿನ ನೆರಳಿನಲ್ಲಿ ನಾಗರಹೊಳೆಯ ಹಾಡಿಗಳಿಂದ ಜೇನು ಕುರುಬರೂ ಎರವರೂ ಹೊರದೂಡಲ್ಪಟ್ಟರು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಕುಟುಂಬಗಳ ಗುಡಿಸಲುಗಳನ್ನು ಅರಣ್ಯಭೂಮಿಯೆಂಬ ಕಾರಣಕ್ಕೆ ಕೆಡವಲಾಯಿತು. ಅವರಲ್ಲಿ ಅನೇಕರು ತೋಟಗಳ ಲೈನ್‌ಮನೆ ತೊರೆದು ಬಂದವರು. ಸಂಪ್ರದಾಯದ ಹೊರೆಯಿಂದ ತಪ್ಪಿಸಿಕೊಂಡವರ ಮೇಲೆ ಪರಿಸರದ ಹೊರೆ ಬಿದ್ದಿತು. ಪರಿಸರವಾದಿಗಳಾದ ನಮ್ಮಲ್ಲಿ ಎಷ್ಟು ಜನ ಅಂದು ಅವರ ಪರ ನಿಂತೆವು?

ಹಾಗಾದರೆ ಅಳತೆಗೋಲು ಎಲ್ಲಿದೆ? ನನಗದು ಕಂಡದ್ದು ದೇವರಪುರದಲ್ಲಿ. ಪ್ರತಿವರ್ಷ ಮೇ ತಿಂಗಳಲ್ಲಿ ಅಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನು ಕುರುಬರು, ಎರವರು ವೇಷ ಕಟ್ಟಿ, ಡಬ್ಬ, ಸೋರೆಬುರುಡೆ ಬಡಿಯುತ್ತ, ದಾರಿಯಲ್ಲಿ ಸಿಕ್ಕವರನ್ನೂ ದೇವರನ್ನೂ ಬಾಯಿತುಂಬ ಬಯ್ಯುತ್ತಾರೆ. ಹೊರಗಿನವರಿಗೆ ಇದು ಅಶ್ಲೀಲ. ಆದರೆ ಕಥೆ ಕೇಳಿ: ಅಯ್ಯಪ್ಪ ದೇವರು ಕುರುಬರನ್ನು ಬೇಟೆಗೆ ಕರೆದೊಯ್ದನಂತೆ, ನಡುವೆ ಭದ್ರಕಾಳಿ ಎದುರಾಗಲು ಆಕೆಯ ಹಿಂದೆ ಹೋಗಿ, ನಂಬಿ ಬಂದವರನ್ನು ಕಾಡಿನಲ್ಲೇ ಕೈಬಿಟ್ಟನಂತೆ. ಬಯ್ಗುಳ ಅದಕ್ಕೆ. ನಂಬಿಸಿ ಕರೆತಂದವನು ನಡುದಾರಿಯಲ್ಲಿ ಕೈಬಿಡಬಾರದು, ದೇವರಾದರೂ ಸರಿಯೆ, ಎಂಬ ನ್ಯಾಯವನ್ನು ಆ ಜನರಿಗೆ ಯಾವ ವಿಶ್ವಸಂಸ್ಥೆಯೂ ಕಲಿಸಲಿಲ್ಲ. ಎಲ್ಲರಿಗೂ ಸಲ್ಲುವ ಮೌಲ್ಯ ಹೊರಗಿನಿಂದಲೇ ಬರಬೇಕೆಂದಿಲ್ಲ. ಪ್ರತಿ ಸಂಸ್ಕೃತಿಯ ತಳದಲ್ಲಿ ಹೊರೆ ಹೊತ್ತವರ ಬಾಯಲ್ಲಿ ಅದು ಇದ್ದೇ ಇರುತ್ತದೆ. ವರ್ಷಕ್ಕೊಂದು ದಿನವಾದರೂ ಕೇಳಿಸುತ್ತದೆ.

ಆದ್ದರಿಂದ ಯಾವ ಕಟ್ಟಳೆ ಎದುರಾದರೂ ಮೂರು ಪ್ರಶ್ನೆ ಕೇಳೋಣ. ಇದರ ಹೊರೆ ಹೊರುವವರು ಯಾರು? ಇದನ್ನು ಬದಲಿಸುವ ಮಾತುಕತೆಯಲ್ಲಿ ಅವರಿಗೆ ಪಾಲಿದೆಯೆ? ಒಲ್ಲೆನೆಂದರೆ ಅವರ ಅನ್ನ, ಸೂರು ಉಳಿಯುತ್ತದೆಯೆ? ದೇವರಕಾಡಿನಲ್ಲಿ ಕೊಡಲಿ ಎತ್ತಬಾರದೆಂಬ ಕಟ್ಟು ತಕ್ಕರ ಮನೆಗೂ ಕೂಲಿಯವನ ಮನೆಗೂ ಒಂದೇ. ಅದು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಜೀತ ಮೂರರಲ್ಲೂ ಸೋಲುತ್ತದೆ. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಹಾಡಿಯನ್ನು ಎಬ್ಬಿಸುವುದೂ ಸೋಲುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆ ಆ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ. ದೇವರಕಾಡಿನ ಕಟ್ಟುಗಳಲ್ಲೇ ಹೆಣ್ಣುಮಕ್ಕಳನ್ನು ದೂರವಿಡುವಂಥವು ಇದ್ದಲ್ಲಿ, ಅವನ್ನೂ ಇದೇ ಪರೀಕ್ಷೆಗೆ ಒಡ್ಡಬೇಕು. ಉತ್ತರ ಹೇಳಬೇಕಾದವರು ಆ ಹೆಣ್ಣುಮಕ್ಕಳೇ.

ಬೆಳಿಗ್ಗೆ ಪ್ರಶ್ನೆ ಕೇಳಿದ ತಂಗಿಗೆ ನನ್ನ ಉತ್ತರ ಇಷ್ಟೆ. ಕಾಡು ಉಳಿದದ್ದು ಕಟ್ಟಳೆ ಹಳೆಯದೆಂಬ ಕಾರಣಕ್ಕಲ್ಲ, ಅದರ ಭಾರವನ್ನು ಊರೆಲ್ಲ ಹಂಚಿಕೊಂಡಿತೆಂಬ ಕಾರಣಕ್ಕೆ. ಮುಂದಿನ ಸಲ ನಾವು ದೇವರಕಾಡಿನ ಗಡಿ ಅಳೆಯಲು ಹೊರಟಾಗ ಹತ್ತಿರದ ಲೈನ್‌ಮನೆಗಳವರನ್ನೂ ಕರೆಯೋಣ. ಅವರ ಮಾತನ್ನು ಕೇಳಲು ಕುಂಡೆ ಹಬ್ಬದವರೆಗೆ ಕಾಯುವುದು ಬೇಡ.