ದೇವರ ಪ್ರೀತಿಯೂ ನಮ್ಮ ಅಹಂಭಾವವೂ

(ಶತಮಾನೋತ್ಸವದ ನಿಮಿತ್ತ ನಡೆದ ಮೂರು ದಿನಗಳ ಧ್ಯಾನಕೂಟದ ಎರಡನೆಯ ಸಂಜೆ ದೇವಾಲಯದಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದಲ್ಲಿ ನಿಂತು ಅಹಂಕಾರದ ಮಾತೆತ್ತುವುದು ಮದುವೆಯ ಮನೆಯಲ್ಲಿ ಸಾಲದ ಲೆಕ್ಕ ತೆಗೆದಂತೆ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ನಿನ್ನೆಯ ಸಂಜೆ ಇದೇ ಸ್ಥಳದಿಂದ ನಮ್ಮ ಪೂರ್ವಿಕರ ವಿಶ್ವಾಸವನ್ನು ಕೊಂಡಾಡಲಾಯಿತು. ನಾಳೆ ಪೂಜ್ಯ ಧರ್ಮಾಧ್ಯಕ್ಷರ ಸಾನ್ನಿಧ್ಯದಲ್ಲಿ ಕೃತಜ್ಞತೆಯ ಬಲಿಪೂಜೆ ನಡೆಯಲಿದೆ. ನಡುವಣ ಈ ಸಂಜೆಯನ್ನು ಪಾಪನಿವೇದನೆಯ ಸಿದ್ಧತೆಗೆಂದು ಮೀಸಲಿಟ್ಟು, ದೇವರ ಪ್ರೀತಿಯನ್ನೂ ಮಾನವನ ಅಹಂಭಾವವನ್ನೂ ಕುರಿತು ಮಾತನಾಡುವಂತೆ ಗುರುಗಳು ನಮಗೆ ಅಪ್ಪಣೆ ಕೊಟ್ಟಿದ್ದಾರೆ. ಮೊದಲನೆಯ ವಿಷಯದಲ್ಲಿ ನಮಗೆ ಅಧಿಕಾರವಿಲ್ಲ. ಎರಡನೆಯದರಲ್ಲಿ ಬೇಕಾದಷ್ಟು ಅನುಭವವಿದೆ.

ಅಹಂಕಾರವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವವನು ಮೀಸೆ ತಿರುವುವ ಸಿರಿವಂತ, ಇಲ್ಲವೆ ಅಧಿಕಾರದ ಮದವೇರಿದ ಯಾರೋ ಒಬ್ಬ. ಅದು ಯಾವಾಗಲೂ ಪಕ್ಕದ ಮನೆಯವನ ರೋಗ. ಧರ್ಮಸಭೆಯ ಆಚಾರ್ಯರು ಇದನ್ನು ಇಷ್ಟು ಹಗುರವಾಗಿ ಕಂಡವರಲ್ಲ. 590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಮಹಾ ಸಂತ ಗ್ರೆಗೋರಿಯವರು ಅಹಂಕಾರವನ್ನು ದುರ್ಗುಣಗಳ ಪಟ್ಟಿಯಲ್ಲಿ ಮತ್ತೊಂದಾಗಿ ಎಣಿಸದೆ, ಏಳು ಮೂಲದುರ್ಗುಣಗಳಿಗೂ ಅದೇ ಬೇರೆಂದು, ಅವುಗಳ ರಾಣಿಯೆಂದು ಪ್ರತ್ಯೇಕವಾಗಿ ಇರಿಸಿದರು. ತಮ್ಮನ್ನು ದೇವರ ಸೇವಕರ ಸೇವಕನೆಂದು ಕರೆದುಕೊಂಡವರೂ ಅವರೇ. ಆ ಬೇರಿನ ಸ್ವರೂಪವೇನು? ತಾನು ದೊಡ್ಡವನೆಂಬ ಎಣಿಕೆಗಿಂತಲೂ ಆಳದಲ್ಲಿ, ಉಚಿತವಾಗಿ ಬಂದುದನ್ನು ಕೈಯೊಡ್ಡಿ ಸ್ವೀಕರಿಸಲಾರದ ಬಿಗುಮಾನವೇ ಅದೆಂದು ನಮಗೆ ತೋರುತ್ತದೆ. ತುಂಬಿದ ಕೊಡ ತುಳುಕುವುದಿಲ್ಲವೆಂದು ನಾವು ಹೊಗಳುತ್ತೇವೆ. ಅದನ್ನು ನಲ್ಲಿಯ ಕೆಳಗಿಟ್ಟರೆ ಮತ್ತೊಂದು ಹನಿಯನ್ನೂ ಹಿಡಿಯಲಾರದೆಂಬುದನ್ನು ಮರೆಯುತ್ತೇವೆ.

ಸಂತ ಯೊವಾನ್ನರ ಶುಭಸಂದೇಶದ 13ನೆಯ ಅಧ್ಯಾಯವನ್ನು ನೆನಪಿಗೆ ತಂದುಕೊಳ್ಳೋಣ. ಉಳಿದ ಮೂವರು ಶುಭಸಂದೇಶಕಾರರು ಕಡೆಯ ಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸದ ವೃತ್ತಾಂತವನ್ನು ಬರೆದಿರುವ ಸ್ಥಳದಲ್ಲಿ ಯೊವಾನ್ನರು ಪಾದಕ್ಷಾಲನೆಯ ವೃತ್ತಾಂತವನ್ನು ಬರೆದಿದ್ದಾರೆ. ಪಾದ ತೊಳೆಯುವುದೆಂದರೇನೆಂದು ನಮ್ಮ ನಾಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ದೂರದಿಂದ ನಡೆದು ಬಂದ ಅತಿಥಿಗೆ ಹೊಸ್ತಿಲಲ್ಲಿ ಚೆಂಬು ನೀರು ಕೊಡುವುದು, ಶಿಷ್ಯನು ಗುರುವಿನ ಪಾದ ತೊಳೆಯುವುದು, ಮದುವೆಯಲ್ಲಿ ಮಾವನು ಅಳಿಯನ ಪಾದ ತೊಳೆಯುವುದು, ಇವೆಲ್ಲ ನಾವು ನೋಡುತ್ತ ಬೆಳೆದ ಆಚಾರಗಳು. ಯಾರು ಬಾಗಬೇಕು, ಯಾರು ಕಾಲು ಚಾಚಬೇಕು ಎಂಬುದರಲ್ಲಿ ನಮಗೆ ಎಂದೂ ಸಂದೇಹ ಬಂದಿಲ್ಲ. ಪ್ಯಾಲೆಸ್ತೀನ್ ದೇಶದಲ್ಲಿಯೂ ಧೂಳು ಹತ್ತಿದ ಕಾಲುಗಳನ್ನು ತೊಳೆಯುವುದು ಆಳುಮಕ್ಕಳ ಕೆಲಸವೇ ಆಗಿತ್ತು. ಆ ರಾತ್ರಿ ಮಾತ್ರ ಪ್ರಭುವೇ ಪಂಕ್ತಿಯಿಂದ ಎದ್ದು, ಮೇಲುಡುಗೆಯನ್ನು ತೆಗೆದಿರಿಸಿ, ಸೊಂಟಕ್ಕೆ ವಸ್ತ್ರವನ್ನು ಸುತ್ತಿಕೊಂಡು, ಬೋಗುಣಿಗೆ ನೀರು ಸುರಿದರು.

ಆಗ ಸಂತ ಪೇತ್ರರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಎಂದೆಂದಿಗೂ ಇದನ್ನು ಒಪ್ಪೆನೆಂದರು. ಮೇಲ್ನೋಟಕ್ಕೆ ಇದು ವಿನಯದ ಮಾತು. ನಮ್ಮಲ್ಲಿ ಯಾರಾದರೂ ಹೀಗೆಂದಿದ್ದರೆ ಎಷ್ಟು ಸಾತ್ವಿಕನೆಂದು ಹೊಗಳುತ್ತಿದ್ದೆವು. ಆದರೆ ಪ್ರಭುವು ಹೊಗಳಲಿಲ್ಲ. ತೊಳೆಯಗೊಡದಿದ್ದರೆ ತನ್ನೊಡನೆ ಪಾಲಿಲ್ಲವೆಂದು ಎಚ್ಚರಿಸಿದರು. ಕೂಡಲೇ ಪೇತ್ರರು ಕಾಲಷ್ಟೇ ಏಕೆ, ಕೈಯನ್ನೂ ತಲೆಯನ್ನೂ ತೊಳೆಯಿರೆಂದು ಬೇಡಿಕೊಂಡರು. ಪಾಪ, ಬೇಡವೆಂದಾಗಲೂ ತಮ್ಮ ಅಳತೆ, ಬೇಕೆಂದಾಗಲೂ ತಮ್ಮದೇ ಅಳತೆ! ಕೊಡುವವನು ಎಷ್ಟು ಕೊಡಬೇಕೆಂದು ಪಡೆಯುವವನು ವಿಧಿಸುತ್ತಾನೆ. ಯೂದನೂ ಅದೇ ಪಂಕ್ತಿಯಲ್ಲಿದ್ದನೆಂಬುದನ್ನು ಮರೆಯಬಾರದು. ಅವನ ಪಾದಗಳನ್ನು ಮಾತ್ರ ಬಿಟ್ಟು ಪ್ರಭು ಮುಂದೆ ಹೋದರೆಂದು ಶುಭಸಂದೇಶದಲ್ಲಿ ಎಲ್ಲಿಯೂ ಹೇಳಿಲ್ಲ. ದೇವರ ಪ್ರೀತಿಯೆಂದರೆ ಇದು. ಅರ್ಹತೆಯನ್ನು ವಿಚಾರಿಸದೆ ನೆಲಮಟ್ಟಕ್ಕೆ ಬಗ್ಗಿ ಬರುತ್ತದೆ. ಅಷ್ಟು ಕೆಳಗೆ ಬಂದುದನ್ನು ನೋಡಲು ನಾವೂ ತಲೆ ತಗ್ಗಿಸಬೇಕಾಗುತ್ತದೆ.

ಹಳೆಯ ಒಡಂಬಡಿಕೆಯಲ್ಲಿ, ಅರಸುಗಳ ಎರಡನೆಯ ಗ್ರಂಥದ 5ನೆಯ ಅಧ್ಯಾಯದಲ್ಲಿ, ಇದಕ್ಕೆ ಒಪ್ಪುವ ಕಥೆಯೊಂದಿದೆ. ಸಿರಿಯದ ದಂಡನಾಯಕನಾದ ನಾಮಾನನಿಗೆ ಕುಷ್ಠರೋಗ ಹತ್ತಿತು. ಇಸ್ರಾಯೇಲಿನಿಂದ ಸೆರೆತಂದ ಒಬ್ಬ ದಾಸಿ ಹುಡುಗಿ ಅಲ್ಲಿಯ ಪ್ರವಾದಿಯ ವಿಷಯ ತಿಳಿಸಿದಳು. ನಾಮಾನನು ಹತ್ತು ತಲಾಂತು ಬೆಳ್ಳಿ, ಆರು ಸಾವಿರ ಬಂಗಾರದ ನಾಣ್ಯ, ಹತ್ತು ಜೊತೆ ಉಡುಪುಗಳನ್ನು ಹೇರಿಸಿಕೊಂಡು ರಥಾಶ್ವಗಳೊಡನೆ ಹೊರಟನು. ವಾಸಿಯಾಗಲೆಂದು ಹೊರಟವನು ಬೆಲೆಯನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಟಿದ್ದನು! ಪ್ರವಾದಿ ಎಲೀಷನಾದರೋ ಬಾಗಿಲಿಗೂ ಬರಲಿಲ್ಲ. ಯೊರ್ದಾನಿನಲ್ಲಿ ಏಳು ಬಾರಿ ಮುಳುಗಿ ಏಳುವಂತೆ ಆಳಿನ ಮೂಲಕ ಹೇಳಿ ಕಳುಹಿಸಿದನು. ದಂಡನಾಯಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. ದಮಸ್ಕದ ಅಬಾನ, ಪರ್ಪರ ನದಿಗಳು ಈ ಹೊಳೆಗಿಂತ ಎಷ್ಟೋ ಮೇಲಲ್ಲವೇ ಎಂದು ರಥವನ್ನು ಹಿಂದಿರುಗಿಸಿದನು. ಆಗ ಅವನ ಸೇವಕರೇ ಹತ್ತಿರ ಬಂದು, ಪ್ರವಾದಿ ಯಾವುದಾದರೂ ಕಠಿಣ ಕಾರ್ಯವನ್ನು ಹೇಳಿದ್ದರೆ ಮಾಡುತ್ತಿರಲಿಲ್ಲವೇ ಎಂದು ಮೆಲ್ಲನೆ ಕೇಳಿದರು. ಈ ಪ್ರಶ್ನೆಯನ್ನು ನಾವು ಎಷ್ಟು ಬಾರಿ ಓದಿದರೂ ಅದು ನಮ್ಮ ಬಳಿಗೇ ತಿರುಗಿ ಬರುತ್ತದೆ. ಕಠಿಣವಾದುದನ್ನು ಮಾಡಿ ತೋರಿಸಲು ನಾವೆಲ್ಲ ಸಿದ್ಧ. ಮಂಡಿಯೂರಿ ಬೆಟ್ಟ ಹತ್ತುತ್ತೇವೆ, ಸಾವಿರಗಟ್ಟಲೆ ಕಾಣಿಕೆ ಕೊಡುತ್ತೇವೆ. ಸುಮ್ಮನೆ ನೀರಿಗಿಳಿ ಎಂದರೆ ಮಾತ್ರ ಮಾನಭಂಗವಾಗುತ್ತದೆ.

ಇಷ್ಟು ಹೇಳಿ ನಮ್ಮ ಸ್ವಂತ ಕಥೆಯನ್ನು ಮುಚ್ಚಿಟ್ಟರೆ ಈ ಭಾಷಣವೂ ಅಹಂಕಾರದ ಮತ್ತೊಂದು ಪ್ರದರ್ಶನವಾದೀತು. ಬಹಳ ವರ್ಷಗಳ ಹಿಂದೆ ಪವಿತ್ರ ಗುರುವಾರದ ಪಾದಕ್ಷಾಲನೆಗೆ ಹನ್ನೆರಡು ಮಂದಿ ಪುರುಷರ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆ ನಮ್ಮ ಮೇಲಿತ್ತು. ಅಂದಿನ ಗುರುಗಳು, ನಮ್ಮ ಸಮಾಧಿಭೂಮಿಯಲ್ಲಿ ಗುಂಡಿ ತೋಡುತ್ತಿದ್ದ ವೃದ್ಧನ ಹೆಸರನ್ನೂ ಸೇರಿಸಿಕೊಳ್ಳಿರೆಂದು ಸೂಚಿಸಿದರು. ಸೇರಿಸಿದೆವು. ಮರುದಿನ ಪಾಲನಾ ಸಮಿತಿಯ ಹಿರಿಯರೊಬ್ಬರು ಮನೆಗೆ ಬಂದು, ಆತನ ಪಕ್ಕದಲ್ಲಿ ತಾವು ಕುಳಿತುಕೊಳ್ಳುವುದು ಹೇಗೆಂದು ಕೇಳಿದರು. ಕಾರಣವನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾವು ವಾದಿಸಲಿಲ್ಲ. ಲೇಖನಿ ತೆಗೆದು ಒಂದು ಗೆರೆ ಎಳೆದೆವು. ವಿಷಯವನ್ನು ತಿಳಿಸಲು ಹೋದಾಗ ಆ ವೃದ್ಧನು, ಒಳ್ಳೆಯದೇ ಆಯಿತು ಬುದ್ಧೀ, ಕಾಲೆಲ್ಲ ಒಡೆದು ಹೋಗಿದೆ, ಸ್ವಾಮಿಗಳು ಮುಟ್ಟುವಂತೆ ಇಲ್ಲ ಎಂದನು. ಅವನೂ ಪೇತ್ರರಂತೆ ಕಾಲು ಎಳೆದುಕೊಂಡನೆಂದು ಹೇಳಿ ನಾವು ಸಮಾಧಾನ ಪಡೆಯಬಹುದಿತ್ತು. ಆದರೆ ಅವನದು ಅಹಂಕಾರವಾಗಿರಲಿಲ್ಲ, ನಾಚಿಕೆಯಾಗಿತ್ತು; ಆ ನಾಚಿಕೆಯನ್ನು ತಲೆತಲಾಂತರದಿಂದ ಅವನಿಗೆ ಕಲಿಸಿದವರು ನಮ್ಮಂಥವರು.

ಕೆಲವು ವರ್ಷಗಳ ಬಳಿಕ ಒಂದು ಮಳೆಗಾಲದಲ್ಲಿ ಆತ ತೀರಿಕೊಂಡನು. ಹತ್ತಿರದ ಬಂಧುಗಳಾರೂ ಇರಲಿಲ್ಲವಾದುದರಿಂದ ದೇಹಕ್ಕೆ ಸ್ನಾನ ಮಾಡಿಸುವ ಕೆಲಸ ನಮ್ಮ ಮತ್ತು ಉಪದೇಶಿಯವರ ಪಾಲಿಗೆ ಬಂತು. ಹಿಮ್ಮಡಿಯ ಬಿರುಕುಗಳಲ್ಲಿ ಮಣ್ಣು ಕೂತಿತ್ತು, ಎಷ್ಟು ತಿಕ್ಕಿದರೂ ಬಿಡಲಿಲ್ಲ. ನಮ್ಮ ತಂದೆಯವರಿಗೆ ಗುಂಡಿ ತೋಡಿದವನೂ ಆತನೇ. ಆತನಿಗೆ ತೋಡಲು ಪೇಟೆಯಿಂದ ಕೂಲಿಯವರನ್ನು ಕರೆಸಿದೆವು. ಅವರು ಅಳತೆ ತಪ್ಪಿದರು, ಪೆಟ್ಟಿಗೆ ಎರಡು ಸಲ ಇಳಿಯಲಿಲ್ಲ. ಅಂದಿನಿಂದ ಪವಿತ್ರ ಗುರುವಾರದ ಆ ಗೆರೆಯನ್ನು ನಾವು ಅನೇಕ ಬಾರಿ ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇವೆ. ಕ್ಷಮೆ ದೊರೆತಿದೆಯೆಂದು ವಿಶ್ವಾಸವಿದೆ. ಆ ಕ್ಷಮೆಯನ್ನು ಬಿಟ್ಟಿಯಾಗಿ ಪಡೆದುಕೊಳ್ಳುವುದೇ ಕಷ್ಟವಾಗಿದೆ. ಏನಾದರೊಂದು ಕೊಟ್ಟು ತೀರಿಸಬೇಕೆಂದು ನಾಮಾನನ ಬೆಳ್ಳಿ ಬಂಗಾರ ಇನ್ನೂ ಒಳಗೆ ಕಿಣಿಕಿಣಿಗುಟ್ಟುತ್ತದೆ.

2013ರಲ್ಲಿ ಜಗದ್ಗುರು ಫ್ರಾನ್ಸಿಸರು ಅಧಿಕಾರಕ್ಕೆ ಬಂದ ಎರಡೇ ವಾರಗಳಲ್ಲಿ ಪವಿತ್ರ ಗುರುವಾರ ಬಂತು. ಅವರು ರೋಮಿನ ಮಹಾದೇವಾಲಯಗಳನ್ನು ಬಿಟ್ಟು ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿ ತರುಣರ ಪಾದ ತೊಳೆದು ಮುತ್ತಿಟ್ಟರು. ಅವರಲ್ಲಿ ಇಬ್ಬರು ಯುವತಿಯರಿದ್ದರು, ಮುಸ್ಲಿಮರೂ ಇದ್ದರು. ಆಮೇಲೆ 2016ರ ಜನವರಿಯಲ್ಲಿ ನಿಯಮವೇ ತಿದ್ದುಪಡಿಯಾಗಿ, ಪುರುಷರನ್ನು ಮಾತ್ರವಲ್ಲದೆ ದೇವಪ್ರಜೆಯ ಯಾರನ್ನೇ ಆಗಲಿ ಆರಿಸಬಹುದೆಂದಾಯಿತು. ಸುದ್ದಿಯನ್ನು ಓದಿದಾಗ ನಮ್ಮಲ್ಲಿ ಅನೇಕರು ಹುಬ್ಬೇರಿಸಿದುದು ನಮಗೆ ನೆನಪಿದೆ. 2025ರ ಏಪ್ರಿಲ್ 17ರಂದು, ತೀವ್ರ ಕಾಯಿಲೆಯಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಅವರು ಮತ್ತೆ ರೋಮಿನ ಒಂದು ಸೆರೆಮನೆಗೆ ಹೋದರು. ಈ ವರ್ಷ ಪಾದ ತೊಳೆಯಲು ತಮ್ಮಿಂದಾಗದೆಂದು ಕೈದಿಗಳಿಗೆ ಹೇಳಿ, ಅವರ ಹತ್ತಿರವಿರಲು ಮಾತ್ರ ಬಂದಿರುವುದಾಗಿ ತಿಳಿಸಿದರು. ನಾಲ್ಕು ದಿನಗಳಲ್ಲಿ ಅವರು ದೈವಾಧೀನರಾದರು. ಬಗ್ಗಲಾಗದ ಸ್ಥಿತಿಯಲ್ಲಿ ಬಗ್ಗಲಾರೆನೆಂದು ಒಪ್ಪಿಕೊಂಡು ಸುಮ್ಮನೆ ಬಳಿಯಲ್ಲಿ ಕುಳಿತ ಆ ಗುರುವಾರವೇ, ಏಕೋ, ಮೊದಲಿನ ಗುರುವಾರಗಳಿಗಿಂತ ನಮ್ಮ ಮನಸ್ಸಿನಲ್ಲಿ ಹೆಚ್ಚಾಗಿ ನಿಂತಿದೆ.

ಇನ್ನು ನಮ್ಮ ಈ ನೂರು ವರ್ಷದ ಗೋಡೆಗಳ ಮಾತಿಗೆ ಬರೋಣ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ದೇವಾಲಯವನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಭವ್ಯ ಮಂದಿರವು ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಲುಕಿತು. ಜನರು ಬೇರೆಡೆಗೆ ಹೋಗಿ ನೆಲೆಸಬೇಕಾಯಿತು. ಮಳೆಗಾಲದಲ್ಲಿ ಅದು ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೆದ್ದು ನಿಲ್ಲುತ್ತದೆ. ಅದರ ಕಮಾನುಗಳ ಕೆಳಗೆ ನಿಂತವನಿಗೆ ಕಲ್ಲುಗಾರೆಯನ್ನು ನೆಚ್ಚಿ ಹೆಮ್ಮೆಪಡುವ ಧೈರ್ಯ ಬರಲಾರದು. ಹಾಗಾದರೆ ಗೋಡೆಗಳಿಂದ ಏನೂ ಪ್ರಯೋಜನವಿಲ್ಲವೇ?

ಸಂತ ಅಗಸ್ಟೀನರು ತಮ್ಮ ‘ಪಾಪನಿವೇದನೆಗಳು’ ಎಂಬ ಗ್ರಂಥದಲ್ಲಿ ವಿಕ್ಟೊರೀನುಸ್ ಎಂಬ ಪಂಡಿತನ ಕಥೆಯನ್ನು ಹೇಳುತ್ತಾರೆ. 4ನೆಯ ಶತಮಾನದಲ್ಲಿ ರೋಮ್ ನಗರದಲ್ಲಿ ಅವನಿಗೆ ಎಷ್ಟು ಗೌರವವಿತ್ತೆಂದರೆ ಬದುಕಿರುವಾಗಲೇ ಸಾರ್ವಜನಿಕ ಚೌಕದಲ್ಲಿ ಪ್ರತಿಮೆಯನ್ನು ನಿಲ್ಲಿಸಿದ್ದರು. ಮುಪ್ಪಿನಲ್ಲಿ ಪವಿತ್ರ ಗ್ರಂಥವನ್ನು ಓದಿ ಮನಸ್ಸು ತಿರುಗಿ, ತಾನು ಈಗಾಗಲೇ ಕ್ರೈಸ್ತನೆಂದು ಗೆಳೆಯ ಸಿಂಪ್ಲಿಸಿಯಾನುಸರಿಗೆ ಗುಟ್ಟಾಗಿ ಹೇಳುತ್ತಿದ್ದನು. ದೇವಾಲಯದಲ್ಲಿ ನಿನ್ನನ್ನು ಕಂಡ ಹೊರತು ನಂಬೆನೆಂದು ಅವರೆಂದರೆ, ಕ್ರೈಸ್ತತನ ಗೋಡೆಗಳಿಂದ ಬರುವುದೇನು ಎಂದು ನಗುತ್ತಿದ್ದನು. ಈ ನಗೆಯ ಹಿಂದೆ ಇದ್ದುದು ತನ್ನ ಪ್ರತಿಷ್ಠಿತ ಮಿತ್ರರು ಏನೆಂದುಕೊಂಡಾರೆಂಬ ಭಯ. ಕಡೆಗೊಂದು ದಿನ ತಾನಾಗಿ ದೇವಾಲಯಕ್ಕೆ ಹೊರಟನು. ಸಂಕೋಚವುಳ್ಳವರಿಗೆ ವಿಶ್ವಾಸಸಂಗ್ರಹವನ್ನು ಖಾಸಗಿಯಾಗಿ ಹೇಳುವ ಅವಕಾಶವಿತ್ತು; ಗುರುಗಳೇ ಅದನ್ನು ಸೂಚಿಸಿದರೂ ಒಪ್ಪದೆ, ಎಲ್ಲರೆದುರು ಮೆಟ್ಟಿಲೇರಿ ಹೇಳಿದನು. ಜನರು ಸಂತೋಷದಿಂದ ಅವನ ಹೆಸರನ್ನು ಪಿಸುಗುಟ್ಟಿದರಂತೆ.

ಗೋಡೆಗಳ ಪ್ರಯೋಜನ ಇದೇ ಇರಬೇಕು. ಮನೆಯಲ್ಲಿ ಒಂಟಿಯಾಗಿ ದೇವರನ್ನು ಪ್ರೀತಿಸುವುದು ಸುಲಭ. ಈ ನಾಲ್ಕು ಗೋಡೆಗಳ ನಡುವೆ, ನಾವು ಊಟಕ್ಕೆ ಕರೆಯದವನ ಮೊಣಕೈ ತಗಲುವಂತೆ ಮಂಡಿಯೂರಬೇಕಾಗುತ್ತದೆ. ದಕ್ಷಿಣ ಭಾರತದ ಕೆಲವು ದೇವಾಲಯಗಳಲ್ಲಿ ಜಾತಿಗೊಂದು ಪಾರ್ಶ್ವ, ಜಾತಿಗೊಂದು ಸಮಾಧಿಭೂಮಿ ಇದ್ದುದು ಚರಿತ್ರೆಯಲ್ಲಿ ದಾಖಲಾಗಿದೆ. ಅದೆಲ್ಲ ಹಳೆಯ ಕಥೆಯೆಂದು ನಾವು ಹೇಳಿಕೊಳ್ಳುತ್ತೇವೆ. ನಮ್ಮ ದೇವಾಲಯದಲ್ಲಿ ಅಂಥ ಅಡ್ಡಗೋಡೆ ಎಂದೂ ಇರಲಿಲ್ಲ, ನಿಜ. ಆದರೆ ಮೊದಲ ನಾಲ್ಕು ಬೆಂಚುಗಳಲ್ಲಿ ಯಾರು, ಬಾಗಿಲ ಬಳಿ ಚಾಪೆಯ ಮೇಲೆ ಯಾರು ಎಂಬುದನ್ನು ನಮ್ಮ ಬಾಲ್ಯದಲ್ಲಿ ಕಣ್ಣುಮುಚ್ಚಿಯೂ ಹೇಳಬಹುದಾಗಿತ್ತು. ಇಂದು ಬೆಂಚುಗಳು ಎಲ್ಲರಿಗೂ ಇವೆ. ಪರಮಪ್ರಸಾದದ ಸಾಲಿನಲ್ಲಿ ಮುಂದೆ ಹಿಂದೆ ನೋಡಿ ಸ್ಥಳ ಬದಲಾಯಿಸುವವರು ಈಗಲೂ ಇಲ್ಲವೇ ಎಂಬುದನ್ನು ಅವರವರ ಆತ್ಮಪರಿಶೋಧನೆಗೆ ಬಿಡುತ್ತೇವೆ.

ಮುಖಮಂಟಪದಲ್ಲಿ ನಾಳೆ ಹೊಸ ಶಿಲಾಫಲಕವೊಂದರ ಅನಾವರಣವಾಗಲಿದೆ. ದಾನಿಗಳ ಹೆಸರುಗಳು ಅದರಲ್ಲಿರುತ್ತವೆ. ಇರಲಿ, ಉಪಕಾರಸ್ಮರಣೆ ತಪ್ಪಲ್ಲ. ಸುಣ್ಣ ಅರೆದವರ, ಕಲ್ಲು ಹೊತ್ತ ಹೆಂಗಸರ ಹೆಸರುಗಳನ್ನು ಕೆತ್ತಿಸೋಣವೆಂದು ಹುಡುಕಿದೆವು. ಹಳೆಯ ಲೆಕ್ಕದ ಪುಸ್ತಕದಲ್ಲಿ ಆಳುಗಳ ಸಂಖ್ಯೆ ಇದೆ, ಹೆಸರಿಲ್ಲ. ಅಂದಹಾಗೆ, ಈ ಭಾಷಣವು ಅಚ್ಚಾಗಲಿರುವ ಸ್ಮರಣ ಸಂಚಿಕೆಯಲ್ಲಿ ನಮ್ಮ ಭಾವಚಿತ್ರ ಯಾವ ಪುಟದಲ್ಲಿ ಬರುತ್ತದೆಂದು ಕಳೆದ ವಾರ ಸಂಪಾದಕರನ್ನು ನಾವೇ ವಿಚಾರಿಸಿದ್ದುಂಟು. ಅವರು ಸೌಜನ್ಯದಿಂದ ಉತ್ತರಿಸಿದರು. ಪುಟವೂ ತೃಪ್ತಿಕರವಾಗಿತ್ತು.

ನಮ್ಮ ಮಾತು ಅಗತ್ಯಕ್ಕಿಂತ ದೀರ್ಘವಾಯಿತೆಂದು ಗುರುಗಳ ಮುಖ ನೋಡಿದರೆ ತಿಳಿಯುತ್ತದೆ. ನೆರೆಯ ಧರ್ಮಕೇಂದ್ರಗಳಿಂದ ಬಂದಿರುವ ಗುರುಗಳು ಎರಡು ಪಾರ್ಶ್ವಗಳಲ್ಲಿಯೂ ಪಾಪನಿವೇದನೆಗಾಗಿ ಆಗಲೇ ಕುಳಿತಿದ್ದಾರೆ. ಮಕ್ಕಳೂ ವೃದ್ಧರೂ ಮೊದಲು ಹೋಗಲಿ. ನಾವು ಬಾಗಿಲ ಬಳಿಯ ಸಾಲಿನಲ್ಲಿ ನಿಲ್ಲುತ್ತೇವೆ.