ಜವಾರಿ ಕೋಳಿಯ ಲೆಕ್ಕ

(ಹೈದರಾಬಾದಿನ ಕನ್ನಡಿಗರ ಉಚಿತ ವಾಚನಾಲಯದಲ್ಲಿ ರವಿವಾರ ಸಾಯಂಕಾಲ ಮಾಡಿದ ಭಾಷಣ)



ಕೋಳಿಯ ಮೇಲೂ ಒಂದು ಭಾಷಣವೇ ಎಂದು ಕೆಲವರು ನಗುತ್ತಿರುವುದನ್ನು ಕಂಡೆ. ನಗಲಿ, ಅಡ್ಡಿಯಿಲ್ಲ. ಆದರೆ ಇಲ್ಲಿ ಕುಳಿತ ಅನೇಕರ ಮನೆಯವರು ಕಲಬುರ್ಗಿ, ಬೀದರ, ರಾಯಚೂರು ಕಡೆಯ ಹಳ್ಳಿಗಳಲ್ಲಿದ್ದಾರೆ. ನಾವು ಕಳಿಸುವ ಹಣ ಅಂಗಡಿಯ ಬಾಕಿಗೂ ಬೀಜ ಗೊಬ್ಬರಕ್ಕೂ ಹೋಗಿಬಿಡುತ್ತದೆ. ಅವ್ವನ ಸೆರಗಿನ ಗಂಟಿನಲ್ಲಿ ಅವಳದೇ ಆಗಿ ಉಳಿಯುವುದು ಕೋಳಿಯ ಹಣ. ಮೊಮ್ಮಗನ ನೋಟುಬುಕ್ಕಿಗೆ, ತನ್ನ ಕಣ್ಣಿನ ಔಷಧಕ್ಕೆ, ಜಾತ್ರೆಯ ಬಳೆಗೆ ಅವಳು ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಆದುದರಿಂದ ವಿಷಯ ಸಣ್ಣದಲ್ಲ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ, “ನಿನ್ನ ಕೋಳಿ ವರ್ಷಕ್ಕೆ ಐವತ್ತು ಮೊಟ್ಟೆ ಇಡುವುದಿಲ್ಲ, ಫಾರ್ಮಿನ ಕೋಳಿ ಮುನ್ನೂರು ಇಡುತ್ತದೆ” ಎಂದು ಅವ್ವನನ್ನು ಹೀಯಾಳಿಸಿದೆ. ಮರಳಿ ಬಂದು, ಸುಧಾರಿತ ತಳಿಯ ಒಂದು ದಿನದ ಇಪ್ಪತ್ತೈದು ಮರಿಗಳನ್ನು ಕೊಂಡು ಕಳಿಸಿದೆ. ಆಗ ಚಳಿಗಾಲ. ವಾರದೊಳಗೆ ಮೂರು ಮಾತ್ರ ಉಳಿದವು. ಅವ್ವ ಫೋನಿನಲ್ಲಿ ಒಂದೇ ಮಾತು ಕೇಳಿದಳು: “ತಮ್ಮಾ, ತಾಯಿ ಇಲ್ಲದ ಮರಿ ಕಳಿಸೀದಿ. ಇವಕ್ಕ ಕಾವು ಯಾರು ಕೊಡಬೇಕು?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಜವಾರಿ ಕೋಳಿಯ ಲೆಕ್ಕ ನನಗೆ ತಿಳಿಯಿತು. ನಮ್ಮ ಹೇಂಟೆ 12 ರಿಂದ 15 ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಇಡುವುದಕ್ಕೆ ಸುಮಾರು ಮೂರು ವಾರ, ಕಾವಿಗೆ 21 ದಿನ. ಆಮೇಲೆ ಎರಡು ಮೂರು ತಿಂಗಳು ಮರಿಗಳನ್ನು ಕಟ್ಟಿಕೊಂಡು ತಿರುಗುತ್ತದೆ. ಅಷ್ಟು ದಿನ ಮೊಟ್ಟೆಯಿಲ್ಲ. ಹೀಗೆ ವರ್ಷಕ್ಕೆ ಮೂರು ನಾಲ್ಕು ಸಲ ಇಟ್ಟರೆ 40 ರಿಂದ 60 ಮೊಟ್ಟೆ. ಇದು ಸೋಮಾರಿತನವಲ್ಲ. ಫಾರ್ಮಿನ ಕೋಳಿಗೆ ಕಾವು ಕೊಡಲು ಯಂತ್ರವಿದೆ, ಮೇವು ಹಾಕಲು ಆಳಿದ್ದಾನೆ. ನಮ್ಮ ಹೇಂಟೆ ಆ ಎರಡೂ ಕೆಲಸಗಳನ್ನು ತಾನೇ ಮಾಡುತ್ತದೆ.

ಹಾಗಾದರೆ ನಷ್ಟವೆಲ್ಲಿ? ಮರಿಗಳಲ್ಲಿ. ಹತ್ತು ಮರಿ ಒಡೆದರೆ ಎರಡು ತಿಂಗಳ ಹೊತ್ತಿಗೆ ನಾಲ್ಕೈದು ಉಳಿದರೆ ಪುಣ್ಯವೆನ್ನುವ ಮನೆಗಳೇ ನಮ್ಮೂರಲ್ಲಿ ಹೆಚ್ಚು. ಹದ್ದು, ಕಾಗೆ, ಬೆಕ್ಕು, ಮುಂಗುಸಿ, ಚಳಿ, ಮಳೆ, ರೋಗ ಇವೆಲ್ಲ ಪಾಲು ಕೇಳುತ್ತವೆ. ಮೊದಲ ನಾಲ್ಕು ವಾರ ತಾಯಿಯನ್ನೂ ಮರಿಗಳನ್ನೂ ದೊಡ್ಡ ಬುಟ್ಟಿಯ ಕೆಳಗೋ ಮರೆಯ ಮೂಲೆಯಲ್ಲೋ ಇಟ್ಟು, ಜೋಳದ ನುಚ್ಚು, ಸ್ವಲ್ಪ ಶೇಂಗಾ ಹಿಂಡಿ, ಸಿಕ್ಕರೆ ಗೆದ್ದಲು ಹಾಕಬೇಕು. ಶುದ್ಧ ನೀರು ಇಡಬೇಕು. ಈ ವಯಸ್ಸಿನ ಮೇವೇ ಮುಂದಿನ ಬೆಳವಣಿಗೆಗೆ ಬುನಾದಿ. ಬೂಜು ಹಿಡಿದ ಹಿಂಡಿಯನ್ನು ಮಾತ್ರ ಎಂದಿಗೂ ಹಾಕಬಾರದು, ಅದು ವಿಷ. ನಾಲ್ಕು ವಾರದ ಮೇಲೆ ಮರಿಗಳಿಗೆ ಪುಕ್ಕ ಬಂದು ಮೈ ಬೆಚ್ಚಗಾದಾಗ ಅವನ್ನು ತಾಯಿಯಿಂದ ಅಗಲಿಸಿದರೆ, ಅದು ಬೇಗನೆ ಮತ್ತೆ ಮೊಟ್ಟೆಗೆ ಬರುತ್ತದೆ. ಚಳಿ ಹೆಚ್ಚಿದ್ದರೆ ಇನ್ನೆರಡು ವಾರ ಕಾಯಬೇಕು.

ಇನ್ನು ರೋಗ. ಓಣಿಯ ಕೋಳಿಗಳನ್ನೆಲ್ಲ ಒಂದೇ ವಾರದಲ್ಲಿ ಗುಡಿಸಿಹಾಕುವುದು ರಾಣಿಖೇತ್ ರೋಗ. ಹಸಿರು ಭೇದಿ, ಉಸಿರಿನ ಕಷ್ಟ, ಕುತ್ತಿಗೆ ತಿರುಚುವುದು ಅದರ ಗುರುತು. ಬಂದ ಮೇಲೆ ಮದ್ದಿಲ್ಲ, ಬರುವ ಮುಂಚೆ ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಸುಮಾರು ಎಂಟನೆಯ ವಾರದಲ್ಲಿ ಸೂಜಿ. ಮುಂದಿನದು ಪಶುವೈದ್ಯರು ಹೇಳಿದಂತೆ. ತೊಡಕೊಂದಿದೆ. ಲಸಿಕೆಯ ಒಂದು ಶೀಸೆ ನೂರು ಕೋಳಿಗಾದರೂ ಸಾಲುತ್ತದೆ, ಬರ್ಫದಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಒಂಟಿ ಮನೆಗೆ ಇದು ಸಾಗದು. ಓಣಿಯ ಹತ್ತು ಮನೆಯವರು ಒಂದು ದಿನ ಗೊತ್ತುಮಾಡಿ ಕೂಡಿದರೆ ಖರ್ಚು ಏನೂ ಅಲ್ಲ. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆಯೇ ಇಡುವುದೂ ಅಷ್ಟೇ ಅಗತ್ಯ.

ಹೊಸ ತಳಿ ಬೇಡವೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ವರ್ಷಕ್ಕೆ 130 ರಿಂದ 150 ಮೊಟ್ಟೆ ಕೊಡುತ್ತದೆ. 2005 ರಲ್ಲಿ ಬಂದ ಸ್ವರ್ಣಧಾರಾ ಅದಕ್ಕಿಂತ ಹಗುರ, ಮೊಟ್ಟೆಯೂ ಹೆಚ್ಚು. ನಾವಿರುವ ಈ ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕುಕ್ಕುಟ ಸಂಶೋಧನಾ ಸಂಸ್ಥೆಯೇ ವನರಾಜ, ಗ್ರಾಮಪ್ರಿಯ ತಳಿಗಳನ್ನು ಕೊಟ್ಟಿದೆ. ಆದರೆ ಹೆಚ್ಚು ಮೊಟ್ಟೆ ಇಡುವ ಈ ಕೋಳಿಗಳು ಕಾವಿಗೆ ಕೂರುವುದು ಕಡಿಮೆ. ಒಂದು ದಿನದ ಮರಿ ತಂದರೆ ಮೊದಲ ವಾರಗಳಲ್ಲಿ ದೀಪದ ಕಾವು ಬೇಕೇ ಬೇಕು. ಇಲ್ಲವಾದರೆ ಅವುಗಳ ಫಲಿತ ಮೊಟ್ಟೆಗಳನ್ನೇ ತಂದು ಜವಾರಿ ಹೇಂಟೆಯ ಕೆಳಗೆ ಕಾವಿಗಿಡಬಹುದು. ಅದು ತನ್ನದು ಪರರದು ಎಂದು ನೋಡುವುದಿಲ್ಲ. ಅವ್ವನ ಪ್ರಶ್ನೆಗೆ ಉತ್ತರ ಅವಳ ಹಿತ್ತಲಲ್ಲಿಯೇ ಇತ್ತು. ಹಣ ಕಳಿಸಿದ ನನಗೆ ಕಂಡಿರಲಿಲ್ಲ.

ಈಗ ನಮ್ಮ ಓಣಿಯಲ್ಲಿ ಲಸಿಕೆಯ ದಿನ ಗೊತ್ತುಮಾಡುವವಳು ಅವ್ವನೇ. ಕಳೆದ ಸಲ ಹನ್ನೊಂದು ಮರಿಗಳಲ್ಲಿ ಒಂಬತ್ತು ಉಳಿದವು.

ಮುಂದಿನ ಸಲ ಊರಿಗೆ ಫೋನು ಮಾಡಿದಾಗ ಕೋಳಿ ಎಷ್ಟು ಮೊಟ್ಟೆ ಇಟ್ಟಿತೆಂದು ಕೇಳುವ ಮುಂಚೆ, ಎಷ್ಟು ಮರಿ ಉಳಿದವೆಂದು ಕೇಳಿರಿ.